ಬೂದಿಯಿಲ್ಲದ ಆಶ್‌ಟ್ರೇ

ಮೆಕ್ಯಾನಿಕ್ ಮತ್ತೊಮ್ಮೆ ಕೀಲಿ ತಿರುಗಿಸಿದ. ಇಟಲಿಯ ಆ ಹಳೇ ಕಾರು ಕರಕರ ಅಂದು ಸುಮ್ಮನಾಯಿತು. "ಪ್ಲಗ್ಗಿಗೆ ಕರೆಂಟೇ ಬರ್ತಿಲ್ಲ ಕಣೇ. ಮೂರು ವಾರದಿಂದ ವೈರೆಲ್ಲ ಜಾಲಾಡಿದೀನಿ, ಎಲ್ಲಿ ಕಟ್ಟಾಗಿದೆಯೋ ಗೊತ್ತಾಗ್ತಿಲ್ಲ. ನಾಳೆ ಬಿಚ್ಚಿ ಬಿಡಿಬಿಡಿಯಾಗಿ ಮಾರಿಬಿಡೋಣ." ತೀರಿಕೊಂಡ ಹಳೇ ಮಾಲೀಕರು ಮೂವತ್ತು ವರ್ಷದಲ್ಲಿ ಒಂಬತ್ತು ಸಾವಿರ ಕಿಲೋಮೀಟರ್ ಕೂಡ ಓಡಿಸದ ಕಾರು. ಮೆಕ್ಯಾನಿಕ್ಕೂ ಅವನ ಹೆಂಡತಿಯೂ ಇದ್ದಬದ್ದದ್ದೆಲ್ಲ ಸುರಿದು ಅದನ್ನು ಕೊಂಡಿದ್ದರು.

ಪಕ್ಕದ ಸೀಟಿನ ಬಿಟ್ಟುಹೋದ ಹೊಲಿಗೆಗೆ ಸೂಜಿ ಹಾಕುತ್ತಿದ್ದ ಹೆಂಡತಿ ತಲೆ ಎತ್ತಿದಳು. ಅವಳು ದರ್ಜಿ, ಬಟ್ಟೆ ಎಲ್ಲಿ ಸವೆದಿದೆ ಅಂತ ನೋಡಿಯೇ ತೊಟ್ಟವರ ಚಾಳಿ ಹೇಳುವವಳು. ಗೇರಿನ ಹಿಡಿ ಹೊಚ್ಚ ಹೊಸದರಂತಿತ್ತು, ಪೆಡಲಿನ ರಬ್ಬರಿನ ಗೆರೆಯೂ ಅಳಿಸಿರಲಿಲ್ಲ. ಆಶ್‌ಟ್ರೇಯ ಅಂಚು ಮಾತ್ರ ಬೆರಳು ತಾಗಿ ತಾಗಿ ಬಣ್ಣ ಕಳೆದುಕೊಂಡಿತ್ತು. ಎಳೆದು ನೋಡಿದರೆ ಒಳಗೆ ಚಿಟಿಕೆ ಬೂದಿಯಿಲ್ಲ.

"ರೀ, ಆ ಮಾಲೀಕರು ಸಿಗರೇಟು ಸೇದ್ತಿದ್ರಾ?"

"ಹೊಗೆ ಕಂಡ್ರೆ ಆಗ್ತಿರಲಿಲ್ವಂತೆ. ಈಗ ಅದ್ಯಾಕೆ ನಿಂಗೆ?"

ಅವಳು ಆಶ್‌ಟ್ರೇಯನ್ನು ಪೂರ್ತಿ ಹೊರಗೆಳೆದು ಆ ಸಂದಿಗೆ ಕೈ ತೂರಿಸಿದಳು. ಕಳ್ಳರ ಭಯಕ್ಕೆ ಕರೆಂಟು ಕಡಿಯಲೆಂದು ಬಚ್ಚಿಟ್ಟ ಪುಟ್ಟ ಸ್ವಿಚ್ಚೊಂದು ಬೆರಳಿಗೆ ಸಿಕ್ಕಿತು. ಅದನ್ನು ಒತ್ತಿ, "ಈಗ ತಿರುಗಿಸ್ರೀ" ಅಂದಳು.

ಹನ್ನೆರಡು ಸಿಲಿಂಡರುಗಳು ಒಟ್ಟಿಗೆ ಗುಡುಗಿದವು. ಶೆಡ್ಡಿನ ತಗಡು ಗಡಗಡ ನಡುಗಿತು. ಗಂಡ ತೆರೆದ ಬಾಯಿ ಮುಚ್ಚುವುದರೊಳಗೆ ಅವಳು ಹಲ್ಲಲ್ಲೇ ದಾರ ಕಡಿದು, ಸೂಜಿಯನ್ನು ಕಾಲರಿಗೆ ಚುಚ್ಚಿ, ಕಾರು ಸುತ್ತಿಬಂದು ಅವನ ಕಡೆಯ ಬಾಗಿಲು ತೆಗೆದಳು.

"ಜರುಗ್ರೀ ಆ ಕಡೆ," ಅಂದಳು. "ಮೊದಲನೇ ಸುತ್ತು ನಂದು."