ಆರ್ವಿಡ್ ಒತ್ತದ ಗುಂಡಿ

ಓಪಲ್ ಅಜ್ಜಿಯ ಮುರಿದ ಕಾಲಿಗೆ ಪಟ್ಟಿ ಕಟ್ಟಿ ಆಂಬುಲೆನ್ಸಿಗೆ ಏರಿಸುವವರೆಗೂ ಆರ್ವಿಡ್ ಮತ್ತು ಡೆಲ್ಲಾ ಪರಸ್ಪರ ಒಂದು ಮಾತೂ ಆಡಲಿಲ್ಲ. ಕರು ಹಾಕುತ್ತಿದ್ದ ಹಸುವನ್ನು ನೋಡಲು ಹೋಗಿ ಅಜ್ಜಿ ಕೊಟ್ಟಿಗೆಯ ಬಾಗಿಲಲ್ಲಿ ಮಂಜುಗಡ್ಡೆಯ ಮೇಲೆ ಜಾರಿದ್ದಳು. ಆರ್ವಿಡ್ ಸ್ಟೀರಿಂಗ್ ಹಿಡಿದ. ಅಜ್ಜಿಯ ಗಂಡ ನಾರ್ಬರ್ಟ್ ಟೋಪಿ ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕ ಕೂತ. ಡೆಲ್ಲಾ ಹಿಂದೆ, ಅಜ್ಜಿಯ ಹತ್ತಿರ.

"ಏನಮ್ಮ, ಗಂಡ ಹೆಂಡ್ತಿ ಜಗಳಾನಾ?" ಎಂದಳು ಅಜ್ಜಿ. ಕಾಲು ಮುರಿದರೂ ಅವಳ ಬಾಯಿಗೇನೂ ಆಗಿರಲಿಲ್ಲ.

"ಗಂಡ ಆಗಿದ್ರೆ ಬಿಟ್ಟು ಹೋಗ್ಬಹುದಿತ್ತು ಅಜ್ಜಿ. ಇವ್ನು ನಮ್ಮ ತರಬೇತಿ ಅಧಿಕಾರಿ."

ಇಬ್ಬರೂ ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ಪ್ಯಾರಾಮೆಡಿಕ್‌ಗಳು. ಇಲ್ಲಿ ಕೆಲಸ ಮಾಡಲು ಅಮೆರಿಕದ ಈ ಮೊಂಟಾನ ರಾಜ್ಯದ ಲೈಸೆನ್ಸ್ ಸಾಕು. ಆದರೆ ಡೆಲ್ಲಾ ಅದರ ಜೊತೆಗೆ ರಾಷ್ಟ್ರೀಯ ಪ್ರಮಾಣಪತ್ರವನ್ನೂ ಬಿಡದೆ ನವೀಕರಿಸಿಕೊಂಡು ಬಂದವಳು. ಈ ಸಲದ ಗಡುವು ತಿಂಗಳ ಕೊನೆಗೆ. ಓದು, ತರಗತಿ ಎಲ್ಲ ಮುಗಿಸಿದ್ದಳು. ಇವಳು ನಮ್ಮವಳು, ಕೆಲಸ ಬಲ್ಲವಳು ಎಂದು ಆರ್ವಿಡ್ ತನ್ನ ಫೋನಿನಲ್ಲಿ ಒಂದು ಗುಂಡಿ ಒತ್ತುವುದಷ್ಟೇ ಬಾಕಿ. ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ, ಪ್ರಮಾಣಪತ್ರದ ವೆಬ್‌ಸೈಟ್ ತೆರೆಯುತ್ತಿಲ್ಲ ಎಂದು. ಆ ಸೈಟ್ ಅವನೊಬ್ಬನ ಮೇಲೆ ಮಾತ್ರ ಮುನಿಸಿಕೊಂಡಿತ್ತು.

"ರಾಜ್ಯದ ಲೈಸೆನ್ಸ್ ಇದ್ಮೇಲೆ ಇನ್ನೇನು ಬೇಕು?" ಆರ್ವಿಡ್ ಮುಂದಿನಿಂದಲೇ ಹೇಳಿದ. "ಅದು ಬೇರೆ ರಾಜ್ಯಕ್ಕೆ ಹೋಗೋರಿಗೆ. ನಾನು ಅದನ್ನ ಬಿಟ್ಟು ಎಷ್ಟೋ ವರ್ಷ ಆಯ್ತು, ನನ್ನ ಕೆಲಸ ಏನು ಕೆಟ್ಟೋಯ್ತಾ?"

ಒಮ್ಮೆ ಕೈಬಿಟ್ಟರೆ ಮತ್ತೆ ಪರೀಕ್ಷೆಗೆ ಕೂರಬೇಕು, ನಾಳೆ ಪಕ್ಕದ ಐಡಾಹೋ ರಾಜ್ಯದಲ್ಲಿರುವ ಅಮ್ಮನಿಗೆ ಏನಾದರೂ ಆಗಿ ಅಲ್ಲೇ ಕೆಲಸ ಹುಡುಕಬೇಕಾದರೆ ಯಾರ ಹತ್ತಿರ ಹೋಗಿ ಅಳಲಿ ಎಂದಳು ಡೆಲ್ಲಾ. ಆರ್ವಿಡ್ ಗೇರು ಬದಲಿಸಿದ. ಪ್ರಮಾಣಪತ್ರ ಕೈಗೆ ಬಂದರೆ ಅವಳು ಹೊರಟುಹೋದಾಳು ಎಂದು ಅವನಿಗೆ ನಿಜವಾಗಿ ಭಯವಾಗಿತ್ತು. ಅವನು ಕೈ ಚಾಚುವ ಮೊದಲೇ ಬೇಕಾದ್ದು ಕೊಡುತ್ತಿದ್ದವಳು ಇವಳೊಬ್ಬಳೇ. ಈ ವಯಸ್ಸಿನಲ್ಲಿ ಹೊಸ ಜೊತೆಗಾರರನ್ನು ಪಳಗಿಸುವುದೆಂದರೆ ಹೊಸ ಬೂಟು ಹಾಕಿ ಬೆಟ್ಟ ಹತ್ತಿದಂತೆ. ಇದನ್ನು ಬಾಯಿಬಿಟ್ಟು ಹೇಳುವ ಜಾಯಮಾನ ಮಾತ್ರ ಅವನದಲ್ಲ.

"ನನ್ನ ಮಂಚದ ಕೆಳಗೂ ಒಂದು ಸೂಟ್‌ಕೇಸ್ ಇದೆ," ಎಂದಳು ಅಜ್ಜಿ. "ಮದುವೆಯಾಗಿ ಬಂದ ವಾರಾನೇ ಬಟ್ಟೆ ತುಂಬಿಸಿಟ್ಟಿದ್ದು. ಈ ಗಾಳಿ, ಈ ದನ, ಈ ಮನುಷ್ಯ, ಯಾವತ್ತು ಸಾಕಾಗುತ್ತೋ ಅವತ್ತು ಹೊರಡೋಣ ಅಂತ."

"ಮತ್ತೆ ಹೋಗ್ಲೇ ಇಲ್ವಾ?"

"ಇನ್ನೂ ಟೈಮ್ ಇದೆಯಲ್ಲ."

ಡೆಲ್ಲಾ ನಕ್ಕ ನಗೆಗೆ ಸ್ಟ್ರೆಚರ್ ಅಲುಗಿ, ಅಜ್ಜಿ ಅವಳನ್ನು ಚೆನ್ನಾಗಿ ಬೈದಳು. ಆರ್ವಿಡ್ ದನಿ ತಗ್ಗಿಸಿ, ಆ ಸೂಟ್‌ಕೇಸಿನ ವಿಷಯ ನಿಮಗೆ ಗೊತ್ತಿತ್ತೇ ಎಂದು ಪಕ್ಕದಲ್ಲಿದ್ದ ನಾರ್ಬರ್ಟ್‌ನನ್ನು ಕೇಳಿದ.

ಮನೆ ಬಿಟ್ಟಾಗಿನಿಂದ ಉಸಿರೆತ್ತದ ಮುದುಕ ಈಗ ಬಾಯಿಬಿಟ್ಟ. "ಗೊತ್ತಿಲ್ದೆ ಏನಪ್ಪ. ವರ್ಷ ವರ್ಷ ಅದರ ಬೀಗಕ್ಕೆ ಎಣ್ಣೆ ಬಿಡೋನು ನಾನೇ. ಬೀಗ ತುಕ್ಕು ಹಿಡ್ದಿದ್ದಕ್ಕೆ ಉಳ್ಕೊಂಡ್ಲು ಅಂತ ಆಗ್ಬಾರ್ದು ನೋಡು."

ಆಸ್ಪತ್ರೆ ಬಂತು. ಅಜ್ಜಿಯನ್ನು ಒಳಗೆ ಬಿಟ್ಟು ಹೊರಬಂದವನೇ ಆರ್ವಿಡ್ ಗಾಳಿಗೆ ಬೆನ್ನು ಮಾಡಿ ನಿಂತು ಫೋನ್ ತೆಗೆದು ಆ ಗುಂಡಿ ಒತ್ತಿದ. ಡೆಲ್ಲಾಳ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ಅವಳು ಓದಿ, ಸೈಟ್ ತೆರೆಯಿತೇ ಎಂದು ಕೇಳಿದಳು. ತೆರೆಯಿತು ಎಂದ.

"ಸರಿ, ಈಗ ಎಲ್ಲಿಗೆ ಹೋಗ್ತೀಯ?" ಅವನ ದನಿ ಸಣ್ಣಗಾಗಿತ್ತು.

"ಊಟಕ್ಕೆ," ಎಂದಳು ಡೆಲ್ಲಾ. "ನೀನೂ ಬಾ."