ಬೊಚ್ಚುಬಾಯಿಯ ಸಾಕ್ಷಿ

ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ಉಪವಾಸ. ಆಗ ಮಾಂಸ ತಿಂದವರ ಹಲ್ಲು ಕೀಳಬೇಕು ಅನ್ನೋದು ಆ ಊರಿನ ಕಾನೂನು. ಹೋದ ವರ್ಷ ಜ್ವರದಲ್ಲಿ ಒಂದು ಬಟ್ಟಲು ಕೋಳಿಸಾರು ಕುಡಿದ ಬಡಗಿಯ ಬಾಯಲ್ಲಿ ನ್ಯಾಯಾಧಿಕಾರಿ ಒಂದು ಹಲ್ಲನ್ನೂ ಉಳಿಸಿರಲಿಲ್ಲ.

ಈ ಸಲದ ಉಪವಾಸದಲ್ಲಿ ಬಡಗಿ ತಾನಾಗಿಯೇ ಜನ ತುಂಬಿದ ಚಾವಡಿಗೆ ಬಂದ.

"ಇವತ್ತು ಮತ್ತೆ ಮಾಂಸ ತಿಂದೆ, ಸ್ವಾಮಿ."

ಅಧಿಕಾರಿ ನಕ್ಕ. "ಈ ಬೊಚ್ಚುಬಾಯಲ್ಲಿ ಹೇಗೆ ತಿಂದೆಯೋ?"

"ಬೆಣ್ಣೆಯ ಹಾಗೆ ಬೆಂದಿತ್ತು."

ಅಧಿಕಾರಿಯ ನಗು ನಿಂತಿತು. "ಯಾರ ಮನೆಯಲ್ಲಿ ಬೆಂದದ್ದು? ಆ ಮನೆ ಯಜಮಾನನ ಬಾಯಲ್ಲೂ ಒಂದು ಹಲ್ಲು ಉಳಿಯಬಾರದು."

ಹಲ್ಲು ಕೀಳಲು ನಿಂತಿದ್ದ ಕಮ್ಮಾರ ಇಕ್ಕಳ ಎತ್ತಿಕೊಂಡ.

"ಬೆಳಿಗ್ಗೆ ಅಡುಗೆಮನೆ ಬಾಗಿಲು ಸರಿಮಾಡೋಕೆ ಕರೆಸಿದ್ದಿರಲ್ಲ, ಸ್ವಾಮಿ," ಎಂದ ಬಡಗಿ. "ನಿಮ್ಮ ಪಾಲು ಇನ್ನೂ ಒಲೆ ಮೇಲೇ ಇದೆ."