ನಗುವ ಫೋಟೊ

ಗಂಡನ ಹೊಡೆತ ತಾಳಲಾರದೆ ದಾಕ್ಷಾಯಿಣಿ ಮಗಳನ್ನು ಕರೆದುಕೊಂಡು ಗುರುತಿನವರಿಲ್ಲದ ಊರಿಗೆ ಓಡಿಬಂದಿದ್ದಳು. ಫೋನ್ ನಂಬರ್ ಬದಲಿಸಿದ್ದಳು, ಫೇಸ್‌ಬುಕ್ ಖಾತೆ ಅಳಿಸಿದ್ದಳು. ಯಾರಾದರೂ ಫೋಟೊ ತೆಗೆಯಲು ನಿಂತರೆ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಿದ್ದಳು.

ಮಹಿಳಾ ಸಂಘದ ಕಂಪ್ಯೂಟರ್ ತರಗತಿಯಲ್ಲಿ ಅವಳೇ ಮೊದಲ ಸ್ಥಾನ ಪಡೆದಳು. ಪ್ರಮಾಣಪತ್ರ ಕೊಟ್ಟ ದಿನ ಸಂಘ ನಡೆಸುವ ಫಿಲೋಮಿನಾ ಮೇಡಂ, "ಇವತ್ತಾದ್ರೂ ಮುಖ ಮುಚ್ಕೋಬೇಡ, ಚೆನ್ನಾಗಿ ನಗಮ್ಮ" ಎನ್ನುತ್ತ ಮೊಬೈಲ್ ಹಿಡಿದರು. ಆ ಸಂತೋಷದಲ್ಲಿ ಅವಳಿಗೆ ಬೇಡವೆನ್ನಲು ಮನಸ್ಸು ಬರಲಿಲ್ಲ. ನಕ್ಕಳು.

ಆ ವಾರವೇ ಒಂದು ಸಂಜೆ ಮಗಳು ಶಾಲೆಯಿಂದ ಬರುವುದು ತಡವಾಯಿತು. ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಾಗ ಮೇಡಂ ಫೋನ್ ಮಾಡಿದರು.

"ನಿನ್ನ ಫೋಟೊ ಸಂಘದ ಫೇಸ್‌ಬುಕ್ ಪೇಜಿಗೆ ಹಾಕಿದ್ನಲ್ಲ, ಎಷ್ಟು ಜನ ಮೆಚ್ಕೊಂಡಿದಾರೆ ಗೊತ್ತಾ? ಅದನ್ನ ನೋಡಿ ನಿಮ್ಮಣ್ಣನೂ ಮೆಸೇಜ್ ಮಾಡಿದ್ರು. ಪಾಪ, ನಿಮ್ಮನ್ನ ನೋಡ್ದೆ ತುಂಬಾ ದಿನ ಆಯ್ತಂತೆ."

"ಏನು ಕೇಳಿದ್ರು ಮೇಡಂ?"

"ಏನಿಲ್ಲಮ್ಮ, ತಂಗಿ ಮಗಳಿಗೆ ಹೊಸ ಬಟ್ಟೆ ಕೊಡಿಸ್ಬೇಕು, ಯಾವ ಶಾಲೆಗೆ ಹೋಗ್ತಾಳೆ ಅಂದ್ರು. ಹೇಳ್ದೆ. ಕರ್ಕೊಂಡು ಬಂದ್ರಾ?"

ದಾಕ್ಷಾಯಿಣಿ ಬರಿಗಾಲಲ್ಲೇ ಬೀದಿಗಿಳಿದಳು.

"ನನಗೆ ಅಣ್ಣನೇ ಇಲ್ಲ ಮೇಡಂ."